ಕರೆದವಳು ನಾನೇ

೯-೮-೭೫, ಶನಿವಾರ

ಬೆಳಗಿನ ಶಾಲೆ. ಹನ್ನೆರಡಕ್ಕೆ ಮನೆ. ಎಳ್ಳು ಹುರಿದಿದ್ದಾಯಿತು, ಶೇಂಗಾ ಹುರಿದಿದ್ದಾಯಿತು. ಬೆಲ್ಲ ಕುಟ್ಟುವುದು ಬಾಕಿ. ಪಂಚಮಿಗೆ ಇನ್ನು ಮೂರೇ ದಿನ.

ನೀಲಾಳದು ಒಂದೇ ಹಟ, ಜೋಕಾಲಿ ಕಟ್ಟು, ಜೋಕಾಲಿ ಕಟ್ಟು. ಹತ್ತು ವರ್ಷದ ಹುಡುಗಿ, ಇನ್ನೂ ಸೆರಗು ಬಿಡುವುದಿಲ್ಲ. ಇವರು ಅಟ್ಟದಿಂದ ಹಲಗೆ ಇಳಿಸಿ ಪಡಸಾಲೆಯ ತೊಲೆಗೆ ಸರಪಳಿ ಹಾಕಿದರು. ಹಲಗೆಯ ಒಂದು ತುದಿಗೆ ಬಡಿದ ಕಬ್ಬಿಣದ ಪಟ್ಟಿ ಎದ್ದಿದೆ. ಮೊಳೆ ಕಿತ್ತುಹೋಗಿದೆ. ಬಡಿಗೇರನನ್ನು ಕರೆಸಿ ಅಂದೆ.

"ಹಬ್ಬದಾಗ ಯಾವ ಬಡಿಗ್ಯಾ ಬರ್ತಾನ? ಒಂದ ಅರಿವಿ ಸುತ್ತು" ಅಂದರು.

ಹಳೆಯ ಸೀರೆಯ ತುಂಡು ಸುತ್ತಿ ಕಟ್ಟಿದೆ. ಕೈಯಾಡಿಸಿದರೆ ಚುಚ್ಚುತ್ತದೆ ಇನ್ನೂ. ಇರಲಿ, ನಾಲ್ಕು ದಿನದ ಮಾತು.

ನಮ್ಮ ಮಗ್ಗದಲ್ಲಿ ನೇಯುವ ಬುರಾನುದ್ದೀನನ ಮಗಳು ಗುಲಶನ ನನ್ನ ಮೂರನೆಯ ತರಗತಿಯಲ್ಲಿದ್ದಾಳೆ. ಇಂದು ಪಾಠ ಓದಿಸಿದೆ. ಎಲ್ಲಿಯೂ ತಡೆಯಲಿಲ್ಲ. ಉರ್ದು ಮಾತಾಡುವ ಮನೆ, ಕನ್ನಡ ನೀರು ಕುಡಿದ ಹಾಗೆ ಓದುತ್ತಾಳೆ. ಮನೆಗೆ ಬಂದು ನೀಲಾಳ ಮುಂದೆ ಹೊಗಳಿದೆ. "ಹಂಗಾದ್ರ ಅಕೀನ್ನಽ ಮಗಳ ಮಾಡ್ಕೋ" ಅಂತ ಮೋರೆ ಊದಿಸಿದಳು. ನಕ್ಕೆ.

೧೨-೮-೭೫, ಮಂಗಳವಾರ, ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಹಾಲೆರೆದು ಬಂದೆವು. ಓಣಿಯ ಹುಡುಗಿಯರು ಜೋಕಾಲಿ ಆಡಿ ಹೋದರು. ನೀಲಾ ಒಬ್ಬಳೇ ಉಳಿದಳು. ಎದುರು ಮನೆಯ ಕಟ್ಟೆಯ ಮೇಲೆ ಗುಲಶನ ನಿಂತು ನೋಡುತ್ತಿದ್ದಳು. ಅವಳಾಗಿ ಬರುವ ಹುಡುಗಿಯಲ್ಲ. ನಾನೇ ಕಿಟಕಿಯಿಂದ ಕರೆದೆ. "ಬಾರವಾ ಗುಲಶನ, ಅಲ್ಯಾಕ ನಿಂತಿ? ಜೋಕಾಲಿ ಆಡಬಾ, ಉಂಡಿ ತಿನಬಾ." ಒಳಗೆ ತಿರುಗಿ ತಾಯಿಯನ್ನು ಕೇಳಿದಳು. ಆಮೇಲೆ ಓಡಿ ಬಂದಳು.

ಡಬ್ಬಿಯ ಮೊದಲ ಉಂಡಿ ಅವಳ ಕೈಗೆ ಕೊಟ್ಟೆ. ನೀಲಾ ನೋಡಿದಳು. ನಾನು ಒಳಗೆ ಹೋದೆ, ಒಲೆಯ ಮೇಲೆ ಹಾಲಿತ್ತು.

ಕಿರುಚಿದ ಸದ್ದು.

ಬಂದು ನೋಡಿದರೆ ಗುಲಶನ ನೆಲದ ಮೇಲೆ. ಎರಡೂ ಕೈ ಎಡಗಣ್ಣಿನ ಮೇಲೆ. ಬೆರಳ ಸಂದಿಯಿಂದ ರಕ್ತ. ಹಲಗೆ ಇನ್ನೂ ತೂಗುತ್ತಲೇ ಇತ್ತು. ಸುತ್ತಿದ ಅರಿವೆ ಸರಿದು ಪಟ್ಟಿ ಹೊರಗೆ ಬಂದಿತ್ತು. ನೀಲಾ ಗೋಡೆಗೆ ಅಂಟಿ ನಿಂತಿದ್ದಳು. "ಸಿಟ್ಟಿಲೆ ಬರೀ ಹಲಗಿ ದೂಡಿದ್ನೆವ್ವಾ... ಅಕಿ ಸರೀತಾಳ ಅಂತ ಮಾಡಿದ್ದೆ..."

ಬುರಾನುದ್ದೀನ ಮಗ್ಗದ ಮನೆಯಿಂದ ಓಡಿ ಬಂದ. ಮಗಳನ್ನು ಎತ್ತಿಕೊಂಡ. ಇವರು ಟಾಂಗಾ ತಂದು ಇಬ್ಬರನ್ನೂ ದವಾಖಾನೆಗೆ ಕರೆದೊಯ್ದರು. ನಾನು ನೆಲ ಒರೆಸಿದೆ.

೧೩-೮-೭೫

ಬೆಳಿಗ್ಗೆ ಎದ್ದರೆ ಜೋಕಾಲಿ ಇಲ್ಲ. ಇವರು ಸರಪಳಿ ಬಿಚ್ಚಿ, ಪಟ್ಟಿ ಕಿತ್ತು, ಹಲಗೆಯನ್ನು ಮಗ್ಗದ ಮನೆಯ ಹಿಂದೆ ಇಟ್ಟುಬಿಟ್ಟಿದ್ದಾರೆ. ಪಟ್ಟಿ ಎಲ್ಲಿ ಅಂದೆ. "ನಿನಗ್ಯಾಕ ಅದು" ಅಂದರು. ಮುಖ ನೋಡಲಿಲ್ಲ.

ಮಧ್ಯಾಹ್ನ ಟಿಳಕವಾಡಿಯಿಂದ ಭಾವನವರು ಬಂದರು. ಇವರ ಅಣ್ಣ ಈರಣ್ಣ, ವಕೀಲರು. ಕರಿ ಕೋಟು ಹಾಕಿಕೊಂಡೇ ಬಂದಿದ್ದರು, ಕೋರ್ಟಿನಿಂದ ನೇರವಾಗಿ. ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು.

"ನೋಡವ್ವಾ ಗೌರಾ, ಹತ್ತ ವರ್ಷದ ಹುಡುಗಿ ಕೈ ಮಾಡಿದ್ರ ಹುಡುಗೀನ್ನ ಯಾರೂ ಹಿಡಿಯೂದಿಲ್ಲ. ಹಿಡಿಯೂದು ಮನಿಯವರನ್ನ. ಪಟ್ಟಿ ಎದ್ದದ್ದು ನಿಮಗ ಗೊತ್ತಿತ್ತು?"

"ಗೊತ್ತಿತ್ರಿ."

"ಗೊತ್ತಿದ್ದಿಲ್ಲ ಅನ್ನು. ಆ ಹುಡುಗೀನ್ನ ನೀ ಕರದ್ಯೋ, ಅಕಿ ತಾನಽ ಬಂದ್ಲೋ?"

ಎದುರು ಮನೆಯ ಕಟ್ಟೆಯ ಕಡೆ ನೋಡಿದೆ.

"ಕರದು ಮನ್ಯಾಗ ಕರಕೊಂಡಿದ್ರ ಜವಾಬ್ದಾರಿ ಪೂರಾ ನಿಮ್ಮದು. ತಾನಽ ನುಗ್ಗಿ ಬಂದಿದ್ರ ಮಾತ ಬ್ಯಾರೆ. ಇಷ್ಟಽ ಪ್ರಶ್ನಿ. ಇಚಾರ ಮಾಡಿ ಹೇಳು. ದವಾಖಾನಿಗಿ ಇನ್ನ ಯಾರೂ ಹೋಗಬ್ಯಾಡ್ರಿ. ಹೋದ್ರ ತಪ್ಪ ಒಪ್ಪಿಕೊಂಡಂಗ ಆಗ್ತೈತಿ."

ಇಚಾರ ಮಾಡಿ ಹೇಳು... ಇದ್ದದ್ದನ್ನು ಹೇಳಲು ಇಚಾರ ಯಾಕೆ ಬೇಕು? ಕೇಳಲಿಲ್ಲ. ಚಹಾ ಮಾಡಲು ಎದ್ದೆ.

೧೮-೮-೭೫, ಸೋಮವಾರ

ಹಾಜರಿ ಕರೆದೆ. ಗುಲಶನ ಬುರಾನುದ್ದೀನ. ಉತ್ತರವಿಲ್ಲ. ಹುಡುಗರೆಲ್ಲ ನನ್ನ ಮುಖ ನೋಡಿದರು. ಗೈರು ಅಂತ ಬರೆದೆ.

೨೧-೮-೭೫

ಗುಲಶನಳನ್ನು ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ದರಂತೆ. ಕಣ್ಣು ಉಳಿಯಲಿಲ್ಲವಂತೆ.

ಎದುರು ಮನೆಗೆ ಬೀಗ. ದಾಟಿ ಹೋಗಿ ಒಮ್ಮೆ ಕಟ್ಟೆಯ ಹತ್ತಿರ ನಿಂತೆ. ಬಾಜು ಮನೆಯ ಸಂಗವ್ವ ನೋಡಿದಳು, ಹೊರಳಿ ಬಂದುಬಿಟ್ಟೆ. ಅವರ ಹೊಸ್ತಿಲಿಗೆ ಏನು ಮಾಡಲು ಹೋಗಿದ್ದೆನೋ ನನಗೇ ತಿಳಿಯದು.

೩೧-೮-೭೫, ಭಾನುವಾರ

ಇಂದು ಬಂದಿದ್ದರು. ಬುರಾನುದ್ದೀನ, ಜೊತೆಗೆ ಅವನ ಅಣ್ಣ ಗನಿ, ಪಾರಿಶ್ವಾಡದಿಂದ. ಇವರು ಮೊದಲೇ ಹೇಳಿ ಕಳಿಸಿ ಭಾವನವರನ್ನು ಕರೆಸಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಜೋಕಾಲಿ ಇದ್ದ ಜಾಗದಲ್ಲಿಯೇ. ಬೇರೆ ಕಡೆ ಹಾಸಬಹುದಿತ್ತು, ಹೊಳೆಯಲಿಲ್ಲ.

ಭಾವನವರು ಕಾಯ್ದೆಯ ಮಾತು ಶುರು ಮಾಡಿದರು. ಗನಿ ಏನೋ ಹೇಳಲು ಹೋದರು. ಬುರಾನುದ್ದೀನ ಅಣ್ಣನ ಕೈ ಹಿಡಿದು ತಡೆದ. ನನ್ನ ಕಡೆ ನೋಡಿದ.

"ನನಗೇನೂ ಬ್ಯಾಡ್ರಿ ಅಕ್ಕೋರ. ಒಂದ ಮಾತ ಹೇಳ್ರಿ ಸಾಕು. ಕರೀದಽ ಒಬ್ಬರ ಮನಿ ಹೊಸ್ತಿಲಾ ತುಳೀಬ್ಯಾಡ ಅಂತ ನಾ ಅಕೀಗಿ ಸಣ್ಣಾಕಿ ಇದ್ದಾಗಿಂದ ಹೇಳೇನ್ರಿ. ಅಕಿ, ಅಕ್ಕೋರು ಕರದ್ರು ಅಂತಾಳ. ನೀವು ಕರದ್ರ್ಯಾ, ಅಕಿ ತಾನಽ ಬಂದ್ಲಾ?"

ಇದನ್ನು ಕೇಳಲು ಬಂದಿದ್ದ. ಇದಕ್ಕಾಗಿ ಪಾರಿಶ್ವಾಡದಿಂದ ಅಣ್ಣನನ್ನು ಕರೆತಂದಿದ್ದ.

ಭಾವನವರು ನನ್ನನ್ನೇ ನೋಡುತ್ತಿದ್ದರು. ಇವರು ನೆಲ ನೋಡುತ್ತಿದ್ದರು. ಅಡಿಗೆಮನೆಯ ಬಾಗಿಲಲ್ಲಿ ನೀಲಾ.

"ನಾ ಕರದಿದ್ದಿಲ್ಲ" ಅಂದೆ. "ಜೋಕಾಲಿ ನೋಡಿ ಬಂದಿರಬೇಕು ಹುಡುಗಿ."

ಎಷ್ಟು ಸರಳವಾಗಿ ಬಂತು ಮಾತು! ತರಗತಿಯಲ್ಲಿ ಹೇಳುವ ದನಿಯಲ್ಲಿಯೇ ಬಂತು.

ಬುರಾನುದ್ದೀನ ಎರಡೂ ಕೈ ಜೋಡಿಸಿದ. "ಆತ್ರಿ ಅಕ್ಕೋರ. ನಮ್ಮ ಹುಡುಗೀದಽ ತಪ್ಪಾತು. ಮಾಫ್ ಮಾಡ್ರಿ."

ನನ್ನ ಹತ್ತಿರ ಕ್ಷಮೆ ಕೇಳಿದ. ನಾನು ಆಗಲಿ ಅನ್ನುವ ಹಾಗೆ ಗೋಣು ಹಾಕಿದೆ. ಹಾಕಿದೆ.

೧-೯-೭೫

ಜಡೆ ಹಾಕಿಸಿಕೊಳ್ಳುವಾಗ ನೀಲಾ ಕೇಳಿದಳು. "ಅವ್ವಾ, ಕಿಡಕ್ಯಾಗ ನಿಂತು ಕರದಿದ್ದೆಲ್ಲ?"

"ಸುಮ್ಕಿರು."

"ನಾ ಕೇಳೇನಿ."

ಜಡೆ ಬಿಗಿಯಾಗಿ ಎಳೆದೆ. ಅತ್ತಳು. ಅವಳ ಅಳು ನಿಲ್ಲಿಸಲಿಲ್ಲ, ಶಾಲೆಗೆ ತಡವಾಗುತ್ತಿತ್ತು.

೪-೧೦-೭೫

ಬುರಾನುದ್ದೀನ ಮಗ್ಗ ಬಿಟ್ಟ. ಖಾನಾಪುರದಲ್ಲಿ ಹೆಂಡತಿಯ ತವರು ಮನೆ, ಅಲ್ಲಿಗೆ ಹೋಗುತ್ತಾರಂತೆ. ಚಕ್ಕಡಿಗೆ ಸಾಮಾನು ಹೇರುವಾಗ ಗುಲಶನ ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದಳು. ಕಣ್ಣಿಗೆ ಬಿಳಿ ಪಟ್ಟಿ. ನಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಪರದೆ ಎಳೆದೆ.

ಶಾಲೆಯಲ್ಲಿ ಅವಳ ಹೆಸರು ಹೊಡೆದೆ. ಕೆಂಪು ಶಾಯಿ, ಸ್ಕೇಲು ಹಿಡಿದು, ನೇರ ಗೆರೆ.

ಇನ್ನು ಬರೆಯುವುದು ಬೇಡ.

೧೦-೬-೮೫, ಸೋಮವಾರ

ಟ್ರಂಕಿನ ತಳದಲ್ಲಿ ಈ ನೋಟ್‌ಬುಕ್ ಸಿಕ್ಕಿತು. ಅರ್ಧ ಖಾಲಿ ಇದೆ. ಹತ್ತು ವರ್ಷ. ಹಳೆಯದನ್ನು ಓದಲಿಲ್ಲ. ಓದಿದೆ... ಓದಿದೆ. ಸುಳ್ಳು ಬರೆಯುವುದು ಬೇಡ ಇಲ್ಲಿಯಾದರೂ.

ಬಡ್ತಿ ಸಿಕ್ಕಿದೆ. ಹೆಡ್ ಮಿಸ್ಟ್ರೆಸ್. ಊರು ಖಾನಾಪುರ. ಆರ್ಡರನ್ನು ಎರಡು ಸಲ ಓದಿದೆ. ಇವರು, "ದಿನಾ ಬಸ್ಸಿಗಿ ಹೋಗಿ ಬಾ, ಏನ ದೂರೈತಿ?" ಅಂದರು. ಬೇರೆ ಏನೂ ಅವರಿಗೆ ನೆನಪಾಗಲಿಲ್ಲ. ಅಥವಾ ನೆನಪಾದದ್ದನ್ನು ತೋರಿಸಲಿಲ್ಲ.

ಇಂದು ಹಾಜರಾದೆ. ಹಳೆಯ ಕಟ್ಟಡ, ಹೆಂಚು ಸೋರುತ್ತವೆ. ಸಹ ಶಿಕ್ಷಕಿ ಸಾತವ್ವ ಒಳ್ಳೆಯ ಹೆಣ್ಣುಮಗಳು, ಅರ್ಧ ಮಾತು ಮರಾಠಿ. ಬಸ್ ಸ್ಟ್ಯಾಂಡಿನಿಂದ ಬರುವಾಗ ದಾರಿಯುದ್ದಕ್ಕೂ ಹುಡುಗಿಯರ ಮುಖ ನೋಡುತ್ತ ಬಂದೆ. ಈಗ ಹದಿನೆಂಟು ಆಗಿರಬೇಕು.

೧೭-೬-೮೫

ಬಂದಳು.

ದಾಖಲಾತಿಗೆ ಜನ ತುಂಬಿತ್ತು. ಆಫೀಸಿನ ಕಿಟಕಿಯಿಂದ ಕಂಡಳು, ಆರು ವರ್ಷದ ಹುಡುಗಿಯ ಕೈ ಹಿಡಿದು ಗೇಟಿನ ಹತ್ತಿರ. ತಲೆಯ ಮೇಲೆ ಓಢಣಿ. ಎಡಗಣ್ಣು ಮುಚ್ಚಿದೆ, ರೆಪ್ಪೆ ಒಳಗೆ ಕುಸಿದಿದೆ. ನಡಿಗೆ ತಾಯಿಯದೇ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

ನಾನೇನು ಮಾಡಿದೆ? ಸ್ಟೋರ್ ರೂಮಿಗೆ ಹೋದೆ. ಐವತ್ತಕ್ಕೆ ಬಂದ ಹೆಂಗಸು, ಹೆಡ್ ಮಿಸ್ಟ್ರೆಸ್, ಮುರಿದ ಬೆಂಚುಗಳ ಹಿಂದೆ ನಿಂತಿದ್ದೆ. ಸಾತವ್ವ, "ಅಕ್ಕೋರ, ಎಲ್ಲಿದ್ದೀರಿ?" ಅಂತ ಎರಡು ಸಲ ಕೂಗಿದಳು. ಉಸಿರು ಬಿಡಲಿಲ್ಲ.

ಆಮೇಲೆ ಅರ್ಜಿ ಸಹಿಗೆ ಬಂತು. ಗುಲಶನಳ ತಂಗಿ. ತಂದೆಯ ಹೆಸರು: ಬುರಾನುದ್ದೀನ. ಬಾಜುವಿಗೆ ಸಣ್ಣದಾಗಿ — ೧೯೮೨ರಲ್ಲಿ ತೀರಿಕೊಂಡಿದ್ದಾರೆ.

ತೀರಿಕೊಂಡಿದ್ದಾರೆ.

ಅರ್ಜಿ ತುಂಬಿದವಳು ಗುಲಶನ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಅಕ್ಷರ ದುಂಡಗಿವೆ. ಆ ಕೈ ತಿದ್ದಿದವಳು ನಾನು.

ಸಹಿ ಹಾಕಿದೆ.

೧೮-೬-೮೫

ನೀಲಾ ಮನೆಗೆ ಬಂದಿದ್ದಳು, ಟ್ರೇನಿಂಗ್ ಕಾಲೇಜಿಗೆ ಒಂದು ವಾರ ರಜೆ. ಅವಳಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಹತ್ತು ವರ್ಷದಲ್ಲಿ ನಾವಿಬ್ಬರೂ ಆ ಹೆಸರು ಆಡಿಲ್ಲ.

"ನಾ ಎರಡ ಸರ್ತಿ ಪತ್ರ ಬರದೇನವ್ವಾ ಅಕೀಗಿ" ಅಂದಳು. "ತಪ್ಪ ನಂದು ಅಂತ. ಉತ್ತರ ಬರಲಿಲ್ಲ."

"ಯಾವಾಗ? ನನಗ ಯಾಕ ಹೇಳಲಿಲ್ಲ?"

"ನಿನಗ ಹೇಳಿ? ನಾ ಮಾಡಿದ್ದು ಒಂದ ಗಳಿಗಿ ಸಿಟ್ಟಿಲೆ. ನೀ ಹೇಳಿದ್ದು ಹತ್ತೊಂಬತ್ತ ದಿನ ಇಚಾರ ಮಾಡಿ."

ಎಣಿಸಿದ್ದಾಳೆ. ಹತ್ತು ವರ್ಷದ ಕೂಸು ಆಗಲೇ ದಿನ ಎಣಿಸಿತ್ತು.

ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಅಲ್ಲಿಯೇ ಕೂತೆ. ಬೈದಿದ್ದರೆ ಚೆನ್ನಾಗಿತ್ತು.

೨೨-೬-೮೫, ಶನಿವಾರ

ಶಾಲೆ ಬಿಟ್ಟ ಮೇಲೆ ಹೋದೆ. ಅರ್ಜಿಯಲ್ಲಿ ವಿಳಾಸವಿತ್ತು, ಸ್ಟೇಶನ್ನಿನ ಹಿಂದಿನ ಓಣಿ. ಬಾಗಿಲು ತೆರೆದವಳು ಮಮ್ತಾಜ, ಗುಲಶನಳ ತಾಯಿ. ತಲೆ ಬೆಳ್ಳಗಾಗಿದೆ. ನೋಡಿದಳು. ದನಿ ಏರಿಸಲಿಲ್ಲ.

"ಬರ್ರಿ ಅಕ್ಕೋರ, ಕುಂದರ್ರಿ."

ಕೂರಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಅನಿಸಿತು. ನಿಂತೇ ಹೇಳಿದೆ. "ಅವತ್ತ ಗುಲಶನನ್ನ ನಾನಽ ಕರದಿದ್ದೆ. ನಿಮ್ಮ ಮನಿಯವರ ಮುಂದ ಸುಳ್ಳ ಹೇಳಿದೆ."

ಮಮ್ತಾಜ ಆಶ್ಚರ್ಯಪಡಲಿಲ್ಲ.

"ನನಗ ಗೊತ್ತೈತ್ರಿ. ನೀವು ಕಿಡಕ್ಯಾಗಿಂದ ಕರದದ್ದು ನಾನೂ ಕೇಳಿದ್ದೆ. ಹೋಗು ಅಂತ ನಾನಽ ಕಳಿಸಿದ್ದೆ."

"ಮತ್ತ... ಅವರಿಗಿ ಹೇಳಲಿಲ್ಲ?"

"ಹೇಳಿದೆ. ಮಗಳ ಕಡೀಗಿ ಮಾತಾಡ್ತಿ ಅಂದ್ರು. ಗುಲಶನ ಒಂದ ವರ್ಸ ದಿನಾ ಹೇಳಿದ್ಲು, ಅಬ್ಬಾ, ಅಕ್ಕೋರು ಕರದ್ರು, ಅಕ್ಕೋರು ಕರದ್ರು ಅಂತ. ಎರಡ ಸರ್ತಿ ಹೊಡದ್ರು, ಸುಳ್ಳ ಹೇಳ್ತಿ ಅಂತ. ಎಂದೂ ಕೈ ಎತ್ತಿದ ಮನಿಶ್ಯಾ ಅಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸಾಲಿ ಕಲಿಸೂ ಅಕ್ಕೋರು ಸುಳ್ಳ ಯಾಕ ಹೇಳ್ತಾರ ಅಂತಿದ್ರು. ಸಾಯೂತನಾ ಅದನ್ನಽ ಅಂದ್ರು."

ಚಪ್ಪಲಿ ಹುಡುಕಿದೆ.

"ನಾ ಹೋಗ್ತೀನ್ರಿ" ಅಂದೆ.

"ಎಲ್ಲಿಗಿ ಹೋಗ್ತೀರಿ? ನನಗ ಹೇಳಿ ಏನ ಉಪೇಗ? ಅಕಿ ಬರಲಿ. ಅಕೀಗಿ ಹೇಳ್ರಿ."

ಐದಕ್ಕೆ ಬಂದಳು. ಹೊಲಿಗೆಯ ಚೀಲ ಹೆಗಲಲ್ಲಿ. ನನ್ನನ್ನು ಕಂಡು ಬಾಗಿಲಲ್ಲಿಯೇ ನಿಂತಳು. ಎಲ್ಲವನ್ನೂ ಹೇಳಿದೆ. ಕರೆದದ್ದು, ಪಟ್ಟಿ ಎದ್ದದ್ದು ಗೊತ್ತಿದ್ದದ್ದು, ಅದನ್ನು ಕಿತ್ತು ಮುಚ್ಚಿಟ್ಟದ್ದು, ಭಾವನವರು ಹೇಳಿಕೊಟ್ಟದ್ದು. ಚೀಲ ಇಳಿಸದೆ ಕೇಳಿದಳು.

"ಅಬ್ಬಾ ಇದ್ದಾಗ ಬರಬೇಕಿತ್ತರಿ" ಅಂದಳು.

ಹೌದು ಅಂದೆ.

"ನೀಲಾ ಎರಡ ಪತ್ರ ಬರದಿದ್ಲು. ಅಕಿ ಮ್ಯಾಲ ನನಗ ಸಿಟ್ಟಿಲ್ಲ. ಸಣ್ಣಾಕಿ ಇದ್ಲು. ಏನ ಬರೀಬೇಕು ತಿಳೀಲಿಲ್ಲ, ಅದಕ್ಕ ಬರೀಲಿಲ್ಲ." ಆಮೇಲೆ, "ನಾಳೆ ಪಾರಿಶ್ವಾಡಕ್ಕ ಬರ್ತೀರಿ?"

"ಯಾಕವಾ?"

"ಗನಿ ದೊಡ್ಡಪ್ಪನ ಮುಂದ ಹೇಳ್ರಿ ಇದನ್ನ. ಅವತ್ತ ಅವರೂ ಇದ್ರಲ್ಲಾ. ನನ್ನ ಮದುವಿ ಮಾತ ಬಂದಾಗೆಲ್ಲಾ ಅವರಽ ಅಂತಾರ, ಕಣ್ಣ ಹೋದದ್ದ ಬಿಡ್ರಿ, ಹುಡುಗಿ ಮಾತ ಕೇಳಾಕಿ ಅಲ್ಲ, ಸುಳ್ಳ ಹೇಳಾಕಿ ಅಂತ. ಮನ್ಯಾಗ ಒಂದ ಬಟ್ಟಲಾ ಕಳದ್ರೂ ನನ್ನ ಮಾರಿ ನೋಡ್ತಾರ." ಚೀಲ ಆಗ ಇಳಿಸಿದಳು. "ಕಣ್ಣ ಬ್ಯಾಡ್ರಿ ನನಗ. ಅದನ್ನ ತಗದ ಹಾಕ್ರಿ ನನ್ನ ಮ್ಯಾಲಿಂದ."

ಬರುತ್ತೇನೆ ಅಂದೆ.

ಮನೆಯಲ್ಲಿ ಇವರಿಗೆ ಹೇಳಿದೆ. "ಹುಚ್ಚ ಹಿಡದೈತಿ ನಿನಗ? ಮುಗದ ಹೋದದ್ದು" ಅಂದರು. ಅಣ್ಣನಿಗೆ ತಿಳಿದರೆ ಏನಂದಾನು ಅಂದರು. ಊಟ ಬಿಟ್ಟು ಎದ್ದರು. ನೀಲಾ ಸುಮ್ಮನೆ ನನ್ನ ನಾಳಿನ ಸೀರೆ ಮಡಚಿಟ್ಟಳು.

೨೩-೬-೮೫, ಭಾನುವಾರ, ಸಂಜೆ

ಹೋಗಿ ಬಂದೆ.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗಳು ಕಾಯುತ್ತಿದ್ದರು. ಅವರು ಮುಂದೆ ಕೂತರು, ನಾನು ಹಿಂದಿನ ಸೀಟು.

ಗನಿಯವರ ಮನೆಯಲ್ಲಿ ಅವರು, ಅವರ ಹೆಂಡತಿ, ಸೊಸೆಯಂದಿರು, ಬಾಜು ಮನೆಯ ಇಬ್ಬರು ಹಿರಿಯರು. ಗುಲಶನ ಎಲ್ಲರನ್ನೂ ಕರೆಸಿದ್ದಳು. ಗಡ್ಡ ಪೂರಾ ಬೆಳ್ಳಗಾಗಿದೆ ಗನಿಯವರದು. ನನಗೆ ಕುರ್ಚಿ ಹಾಕಿದರು. ಅವರೆಲ್ಲ ಕೆಳಗೆ. ಕುರ್ಚಿ ಬಿಟ್ಟು ಕೆಳಗೆ ಕೂತೆ.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ನಡುವೆ ನೀರು ಕೊಟ್ಟರು, ಕುಡಿದು ಮತ್ತೆ ಹೇಳಿದೆ. ಬುರಾನುದ್ದೀನ ಅವರು ಕೈ ಜೋಡಿಸಿದ್ದನ್ನು ಹೇಳುವಾಗ ಮಮ್ತಾಜ ಎದ್ದು ಒಳಗೆ ಹೋದಳು.

ಗನಿಯವರು ಗುಲಶನಳ ಕಡೆ ಹೊರಳಿದರು. "ಬೇಟಿ..." ಅಂದರು. ಮುಂದಿನದು ಬರಲಿಲ್ಲ.

"ನಿಮ್ಮ ತಪ್ಪಿಲ್ಲ ದೊಡ್ಡಪ್ಪಾ" ಅಂದಳು ಗುಲಶನ. "ನೀವು ಅಕ್ಕೋರ ಮಾತ ನಂಬಿದ್ರಿ."

ಅವರಿಗೆ ಮಾಫಿ ಸಿಕ್ಕಿತು. ನನ್ನ ಕಡೆ ಅವಳು ನೋಡಲಿಲ್ಲ. ನೋಡಲಿ ಅಂತ ನಾನು ಯಾಕೆ ಕಾದೆ?

ಗನಿಯವರು ನನ್ನನ್ನು ಕೇಳಿದರು. "ಮತ್ತ ಅವತ್ತ ಯಾಕ ಹಂಗ ಅಂದ್ರಿ ಅಕ್ಕೋರ? ನಮ್ಮ ತಮ್ಮ ನಿಮ್ಮನ್ನ ಏನೂ ಬೇಡಿದ್ದಿಲ್ಲ."

"ಹೆದರಿದ್ದೆರಿ" ಅಂದೆ.

ಆಗ ಗುಲಶನ ನೋಡಿದಳು. "ಯಾರಿಗಿ ಹೆದರಿದ್ರಿ? ಅಬ್ಬಾಗ?"

ಉತ್ತರಕ್ಕೆ ಅವಳು ಕಾಯಲಿಲ್ಲ, ಎದ್ದು ತಾಯಿಯ ಹತ್ತಿರ ಹೋದಳು. ಸೊಸೆಯಂದಿರು ಅವಳಿಗೆ ದಾರಿ ಬಿಟ್ಟು ಸರಿದರು. ಒಬ್ಬಳು ಅವಳ ಹೆಗಲು ಮುಟ್ಟಿದಳು. ಅಷ್ಟಾಯಿತು, ಅವಳಿಗಾಗಿ ಅಷ್ಟಾದರೂ ಆಯಿತು.

ಬರುವಾಗ ಬಸ್ಸಿನಲ್ಲಿ ಒಬ್ಬಳೇ ಬಂದೆ. ಅವರು ಅಲ್ಲಿಯೇ ಉಳಿದರು.

ಹೆದರಿದ್ದೆ ಅಂದದ್ದು ಪೂರ್ತಿ ಖರೆಯಲ್ಲ. ಆ ಮನುಷ್ಯನಿಗೆ ಹೆದರಿರಲಿಲ್ಲ. ನಮ್ಮ ಮಗ್ಗದಲ್ಲಿ ನೇಯುವವರು, ನಂಬುತ್ತಾರೆ, ಸುಮ್ಮನಾಗುತ್ತಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಭಾವನವರ ಮಗಳಿಗೂ ಆಗ ಎಂಟೇ ವರ್ಷ. ಅವತ್ತು ನಾನು ಕಿಟಕಿಯಿಂದ ಕರೆದದ್ದು ಅವಳನ್ನಾಗಿದ್ದರೆ, ಆ ಕಣ್ಣು ಅವಳದಾಗಿದ್ದರೆ, ನಾನು ಭಾವನವರ ಮುಂದೆ ಆ ಸುಳ್ಳು ಹೇಳುತ್ತಿರಲಿಲ್ಲ.